ಬಿಳಿ ಗುಂಡಿ

ನಿಮ್ಮ ಮನೆಮಾತು ಯಾವುದು ಎಂದು ಕೇಳಿದಾಗ ಅವರು ಕೂಡಲೇ ಉತ್ತರ ಕೊಡಲಿಲ್ಲ. ಕಾರಿನ ಸ್ಟೇರಿಂಗ್ ಮೇಲೆ ಬೆರಳಲ್ಲೇ ತಾಳ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಶ್ಕಿ” ಅಂದರು. ನನ್ನ ಕನ್ನಡದ ಕಿವಿಗೆ ಅದು ‘ನಾಶ’ ಎಂದೇ ಕೇಳಿಸಿತು. ಆಮೇಲೆ ಅವರೇ ಬಿಡಿಸಿ ಹೇಳಿದರು. ನಾಶ್ ಎಂದರೆ ನಮ್ಮ, ನಾಶ್ಕಿ ಎಂದರೆ ನಮ್ಮ ಮಾತು. ಒಡೆದು ಹೋಳಾದ ಯುಗೊಸ್ಲಾವಿಯದಲ್ಲಿ ಆ ಒಂದೇ ಮಾತಿಗೆ ಈಗ ಹಲವು ಹೆಸರು. ಸರ್ಬಿಯನ್ ಅಂದರೆ ಒಬ್ಬರಿಗೆ ನೋವು, ಕ್ರೊಯೇಷಿಯನ್ ಅಂದರೆ ಇನ್ನೊಬ್ಬರಿಗೆ, ಬೋಸ್ನಿಯನ್ ಅಂದರೆ ಮತ್ತೊಬ್ಬರಿಗೆ. ಪರದೇಶದಲ್ಲಿ ಒಬ್ಬರಿಗೊಬ್ಬರು ಎದುರಾದಾಗ ಯಾವ ಊರು, ಯಾವ ಜನ ಎಂದು ಕೆದಕದೆ ಮಾತಿಗಿಳಿಯುವುದಕ್ಕೆ ಅವರಿಗೆ ಉಳಿದಿರುವುದು ಆ ಒಂದು ಹೆಸರು.

ಇದು 2009ರ ಜೂನ್. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಅವರು ನನಗಿಂತ ಹಿರಿಯರು. ಉತ್ತರ ಬೋಸ್ನಿಯಾದವರು, 1992ರಲ್ಲಿ ಇಪ್ಪತ್ತರ ಹರೆಯದಲ್ಲಿ ಒಂದು ಚೀಲ ಹಿಡಿದು ಬಂದವರು. ದಿನಾ ಸಂಜೆ ನನ್ನನ್ನು ಮನೆಯವರೆಗೆ ಬಿಟ್ಟು ಹೋಗುತ್ತಿದ್ದರು. ಬೀದಿಯುದ್ದಕ್ಕೂ ಲಿಂಡನ್ ಮರಗಳು ಹೂಬಿಟ್ಟಿದ್ದವು. ಕಿಟಕಿ ಇಳಿಸಿದರೆ ಜೇನಿನಂಥ ಘಮ ಒಳಗೆ ನುಗ್ಗುತ್ತಿತ್ತು. ಅಂದು ಕಾರಿನಲ್ಲಿ ಒಂದು ಹಾಡು ಶುರುವಾಯಿತು. ಹೆಂಗಸರ ಮೇಳದ ದನಿ, ಅದರ ಹಿಂದೆಯೇ ಎಲೆಕ್ಟ್ರಿಕ್ ಗಿಟಾರು. ಒಂದು ಚರಣ ಮುಗಿಯುವಷ್ಟರಲ್ಲಿ ಅವರು ಕೈ ಚಾಚಿ ಆರಿಸಿದರು. ಏನು ಹಾಡು ಅದು ಅಂದೆ. ಲಿಂಡನ್ ಹೂಬಿಟ್ಟಿದೆ, ಎಲ್ಲವೂ ಹೋದ ವರ್ಷ ಇದ್ದ ಹಾಗೇ ಇದೆ, ನಮ್ಮಿಬ್ಬರ ಎದೆಯಲ್ಲಿ ಪ್ರೀತಿ ಮಾತ್ರ ಉಳಿದಿಲ್ಲ ಅನ್ನುವ ಹಾಡು ಅಂದರು. ಹಾಡಿದವರು ಬಿಯೆಲೊ ದುಗ್ಮೆ ಎಂಬ ಯುಗೊಸ್ಲಾವಿಯದ ರಾಕ್ ತಂಡ. ಹಾಗೆಂದರೆ ಬಿಳಿ ಗುಂಡಿ, ಅಂಗಿಗೆ ಹೊಲಿಯುವ ಗುಂಡಿ.

ನನ್ನ ಮಟ್ಟಿಗೆ ಆವರೆಗೆ ಯುಗೊಸ್ಲಾವಿಯ ಎಂದರೆ ಹೈಸ್ಕೂಲಿನ ಸಮಾಜ ಪರೀಕ್ಷೆಯ ಒಂದಂಕದ ಪ್ರಶ್ನೆ. ಅಲಿಪ್ತ ಚಳವಳಿಯ ರೂವಾರಿಗಳು ಯಾರು? ನೆಹರೂ, ನಾಸೆರ್, ಟಿಟೊ. 1961ರ ಮೊದಲ ಶೃಂಗಸಭೆ ಎಲ್ಲಿ ನಡೆಯಿತು? ಬೆಲ್‌ಗ್ರೇಡ್. ನಾವು ಬಾಯಿಪಾಠ ಮಾಡುತ್ತಿದ್ದ ಹೊತ್ತಿಗೇ ಆ ದೇಶ ತುಂಡುತುಂಡಾಗುತ್ತಿತ್ತು. ಶಾಲೆಯ ಗೋಡೆಯ ಭೂಪಟದಲ್ಲಿ ಮಾತ್ರ ಅದು ತಿಳಿ ಹಳದಿ ಬಣ್ಣದಲ್ಲಿ ಇಡಿಯಾಗಿಯೇ ಇತ್ತು. ಆ ಹಳದಿಯ ಒಳಗೆ ಜನ ಹಾಡುತ್ತಿದ್ದರು ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ. ಆರಿಸಿದ ಆ ಹಾಡನ್ನು ಅಂದು ರಾತ್ರಿ ಹುಡುಕಿ ಪೂರ್ತಿ ಕೇಳಿದೆ. ಆಮೇಲೆ ಹಿಂದಿನದೆಲ್ಲವನ್ನೂ. ಅಂದಿನಿಂದ ಕೇಳುತ್ತಲೇ ಇದ್ದೇನೆ.

ಕಥೆ ಶುರುವಾಗುವುದು ಬೋಸ್ನಿಯಾದ ಸರಾಯೆವೊದಲ್ಲಿ, ಗೊರಾನ್ ಬ್ರೆಗೊವಿಚ್ ಎಂಬ ಹುಡುಗನಿಂದ. ತಂದೆ ಕ್ರೊಯೇಟ್, ತಾಯಿ ಸರ್ಬ್. ಆತನಿಗಿಂತ ನಾಲ್ಕು ವರ್ಷ ದೊಡ್ಡವನಾದ ಝೆಲ್ಕೊ ಬೆಬೆಕ್ ಅದಾಗಲೇ ಊರಲ್ಲಿ ಹೆಸರು ಮಾಡಿದ್ದ ಹಾಡುಗಾರ. ಇಬ್ಬರೂ ಕೊಡೆಕ್ಸಿ ಎಂಬ ತಂಡದಲ್ಲಿ ಸೇರಿ ಇಟಲಿಯ ನೇಪಲ್ಸ್‌ಗೆ ಹೋದರು, ಅಲ್ಲಿನ ಕ್ಲಬ್ಬುಗಳಲ್ಲಿ ಹೊಟ್ಟೆಪಾಡಿಗಾಗಿ ನುಡಿಸಿದರು. ಜತೆಗಿದ್ದ ಡ್ರಮ್ಮರ್ ಮಿಲಿಚ್ ವುಕಾಶಿನೊವಿಚ್‌ನಿಂದ ಲೆಡ್ ಝೆಪ್ಪೆಲಿನ್, ಬ್ಲ್ಯಾಕ್ ಸಬ್ಬತ್‌ಗಳ ಗುಂಗು ಹತ್ತಿಸಿಕೊಂಡರು. ಒಬ್ಬೊಬ್ಬರಾಗಿ ಊರಿಗೆ ಮರಳಿದ ಮೇಲೆ ಬ್ರೆಗೊವಿಚ್ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡು ತತ್ತ್ವಶಾಸ್ತ್ರ ಓದುತ್ತಾ, ಯೂತ್ರೊ, ಅಂದರೆ ‘ಬೆಳಗು’, ಎಂಬ ಹೊಸ ತಂಡ ಕಟ್ಟಿದ. ಅದೇ ಹೆಸರಿನ ಇನ್ನೊಂದು ತಂಡ ಲ್ಯೂಬ್ಲಿಯಾನಾದಲ್ಲಿತ್ತು. ಹಾಗಾಗಿ 1974ರ ಜನವರಿ 1ರಂದು ಹೆಸರು ಬದಲಾಯಿತು. ತಮ್ಮದೇ ಒಂದು ಹಾಡಿನಿಂದ ಹೆಕ್ಕಿಕೊಂಡ ‘ಬಿಳಿ ಗುಂಡಿ’ ಬಂತು.

ಬೆಬೆಕ್, ಬ್ರೆಗೊವಿಚ್, ಬಾಸ್ ಗಿಟಾರಿಗೆ ಝೊರಾನ್ ರೆಜಿಚ್, ಕೀಬೋರ್ಡಿಗೆ ವ್ಲಾಡೊ ಪ್ರಾವ್ದಿಚ್, ಡ್ರಮ್ಸಿಗೆ ಗೊರಾನ್ ಇವಾಂದಿಚ್. ಇವಾಂದಿಚ್‌ನನ್ನು ಎಲ್ಲರೂ ಕರೆಯುತ್ತಿದ್ದುದು ಇಪೆ ಎಂದೇ.

ಮೊದಲ ಹಾಡುಗಳನ್ನು ಹೊತ್ತು ಅವರು ಹೋದದ್ದು ತಮ್ಮೂರಿನ ರೆಕಾರ್ಡ್ ಕಂಪನಿ ಡಿಸ್ಕೊಟೊನ್‌ಗೆ. ಆರು ತಿಂಗಳು ಕಾಯಬೇಕು ಅಂದರು ಅಲ್ಲಿ. ಕಾಯುವ ವಯಸ್ಸಲ್ಲವಲ್ಲ. ಕ್ರೊಯೇಷಿಯದ ಝಾಗ್ರೆಬ್‌ಗೆ ಹೋಗಿ ಯುಗೊಟೊನ್ ಕಂಪನಿಯ ಬಾಗಿಲು ತಟ್ಟಿದರು. ಐದು ವರ್ಷದ ಒಪ್ಪಂದ ಕೈಗೆ ಸಿಕ್ಕಿತು. ಅದೇ ವರ್ಷದ ಕೊನೆಗೆ ಹೊರಬಂದ ಮೊದಲ ಎಲ್‌ಪಿ 1,41,000 ಪ್ರತಿ ಮಾರಾಟವಾಯಿತು. ಎರಡು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶದಲ್ಲಿ, ಅದೂ ರಾಕ್ ಎಂದರೆ ಪಟ್ಟಣದ ಹುಡುಗರ ಹುಚ್ಚು ಎಂದುಕೊಂಡಿದ್ದ ಕಾಲದಲ್ಲಿ. ಮರುವರ್ಷ ಲಂಡನ್ನಿನಲ್ಲಿ ಮಾಡಿದ ಎರಡನೆಯದು 2,00,000 ದಾಟಿತು.

ಪಟ್ಟಣದ ಹುಚ್ಚು ಹಳ್ಳಿಗೆ ಹೋದದ್ದು ಹೇಗೆ ಎನ್ನುವಲ್ಲಿ ಈ ತಂಡದ ಗುಟ್ಟಿದೆ. ಅದಕ್ಕೂ ಮೊದಲು ಯುಗೊಸ್ಲಾವಿಯದಲ್ಲಿ ರಾಕ್ ಇರಲಿಲ್ಲವೆಂದಲ್ಲ. ಸರಾಯೆವೊದ ಇಂಡೆಕ್ಸಿ ತಂಡ ಅರವತ್ತರ ದಶಕದಿಂದಲೇ ಇತ್ತು. ಬೆಲ್‌ಗ್ರೇಡಿನ ಯು ಗ್ರೂಪ ಜಾನಪದದ ಧಾಟಿಯನ್ನು ಗಿಟಾರಿಗೆ ಆಗಲೇ ಹೊಂದಿಸಿತ್ತು. ಬ್ರೆಗೊವಿಚ್ ಇನ್ನೂ ಒಂದು ಹೆಜ್ಜೆ ಒಳಗೆ ಹೋದ. ಬೋಸ್ನಿಯಾದ ಬೆಟ್ಟದ ಹಳ್ಳಿಗಳಲ್ಲಿ ಎತ್ತರದ ದನಿಯಲ್ಲಿ ಎಳೆದೆಳೆದು ಹಾಡುವ ಪದಗಳಿವೆ. ಪಟ್ಟಣದ ಅಂಗಳಗಳಲ್ಲಿ, ತುರ್ಕರ ಕಾಲದಿಂದ ಬಂದ, ಪ್ರೀತಿಯಲ್ಲಿ ಬೆಂದವರು ಹಾಡಿಕೊಳ್ಳುವ ಸೆವ್ದಾಲಿಂಕಾ ಇದೆ. ಮದುವೆಮನೆಯ ಕುಣಿತದ ಬೀಸು ಇದೆ. ಆ ಧಾಟಿಗಳನ್ನು ಆತ ಹಾಡಿನ ಮೇಲೆ ಒಗ್ಗರಣೆಯಾಗಿ ಹಾಕಲಿಲ್ಲ, ಹಾಡಿನ ಹಿಟ್ಟಿನಲ್ಲೇ ನಾದಿದ. ಬೆಬೆಕ್‌ನ ಕಂಠದಲ್ಲಿ ಅದು ಎತ್ತರಕ್ಕೆ ಹೋದಾಗ, ಕುರಿ ಕಾಯುವವನು ಆಚೆಗುಡ್ಡದವನನ್ನು ಕೂಗಿ ಕರೆದ ಹಾಗಿರುತ್ತದೆ. ಬೋಸ್ನಿಯಾದವನು ಮುತ್ತಿಟ್ಟರೆ ಹೀಗೇ ಕಣೇ ಹುಡುಗಿ ಅನ್ನುವ ಅರ್ಥದ ಹಾಡೊಂದಿದೆ, 1975ರದು. ಒಂದೇ ಒಂದು ಪದ ತಿಳಿಯದೆಯೂ ಅದರ ಠೇಂಕಾರ ನನಗೆ ತಿಳಿಯುತ್ತದೆ.

ಝಾಗ್ರೆಬ್‌ನ ವಿಮರ್ಶಕ ಡ್ರಾಝೆನ್ ವ್ರ್ದೊಲ್ಯಾಕ್ ಇದಕ್ಕೆ ‘ಕುರುಬರ ರಾಕ್’ ಎಂದು ಹೆಸರಿಟ್ಟರು. ನಗರದ ಅನೇಕರು ಆ ಹೆಸರನ್ನು ಮೂದಲಿಕೆಗೆ ಬಳಸಿದರು. ನನಗೆ ಅದಕ್ಕಿಂತ ದೊಡ್ಡ ಬಿರುದು ಹೊಳೆಯುವುದಿಲ್ಲ. ಎರವಲು ತಂದ ಸಂಗೀತಕ್ಕೆ ನೆಲದ ಕಸುವು ಹತ್ತಬೇಕಾದರೆ ಯಾರಾದರೊಬ್ಬರು ಬೈಸಿಕೊಳ್ಳಲೇಬೇಕು. ಜತೆಗೆ ದುಶ್ಕೊ ತ್ರಿಫುನೊವಿಚ್‌ರಂಥ ಕವಿ ಅವರಿಗೆ ಸಾಹಿತ್ಯ ಬರೆದುಕೊಟ್ಟರು. ಗುಪ್ತವಾದ ಯಾವುದೋ ನಂಟು ಎಲ್ಲರನ್ನೂ ಹಿಡಿದಿದೆ ಎನ್ನುವ ಅರ್ಥದ ಅವರ ಪದ್ಯ ರಾಗಕ್ಕಿಳಿದು 1976ರ ಹೊತ್ತಿಗೆ ದೇಶದ ಮೂಲೆಮೂಲೆಯಲ್ಲಿ ಜನರ ನಾಲಿಗೆಯ ಮೇಲಿತ್ತು.

ಅಷ್ಟು ಮೇಲೇರಿದ ತಂಡ 1977ರಲ್ಲೇ ಮುರಿಯುವುದರಲ್ಲಿತ್ತು. ಇವಾಂದಿಚ್ ಮತ್ತು ಪ್ರಾವ್ದಿಚ್ ಕಡ್ಡಾಯ ಸೈನಿಕ ಸೇವೆಗೆ ಹೋಗಿದ್ದರು. ಅಲ್ಲಿ ಯಾವ ತಾರೆಗೂ ವಿನಾಯಿತಿ ಇರಲಿಲ್ಲ. ಅವರ ಜಾಗಕ್ಕೆ ವುಕಾಶಿನೊವಿಚ್ ಮತ್ತು ಲಾಝಾ ರಿಸ್ತೊವ್ಸ್ಕಿ ಬಂದಿದ್ದರು. ಪ್ರವಾಸ ಸೊರಗಿತು, ಸಭಾಂಗಣಗಳು ತುಂಬಲಿಲ್ಲ, ಬ್ರೆಗೊವಿಚ್‌ನ ಸೈನ್ಯದ ಸರದಿಯೂ ಬಂದಿತ್ತು. ಆಗ ಪತ್ರಕರ್ತ ಪೆಟಾರ್ ಪೊಪೊವಿಚ್ ಸಲಹೆ ಕೊಟ್ಟರು: ಬೆಲ್‌ಗ್ರೇಡಿನ ಕೊಶುತ್ನ್ಯಾಕ್ ಕಾಡಿನಲ್ಲಿ ಹಾಯ್ದುಚ್ಕಾ ಚೆಸ್ಮಾ ಎಂಬ ಬುಗ್ಗೆಯ ಬಳಿ ಬಯಲಿದೆ, ಅಲ್ಲಿ ಟಿಕೆಟ್ಟಿಲ್ಲದೆ ನುಡಿಸಿಬಿಡಿ. ಆಗಸ್ಟ್ 28ರ ಸಂಜೆ ಅಲ್ಲಿ ಸೇರಿದವರು 70,000ದಿಂದ 1,00,000 ಜನ ಎನ್ನುತ್ತಾರೆ. ಅದರ ಧ್ವನಿಮುದ್ರಣ ನನ್ನ ಬಳಿ ಇದೆ. ಗುಣಮಟ್ಟ ಕೆಟ್ಟದು, ಗಿಟಾರು ಎಲ್ಲೋ ಹಳ್ಳದ ಆಚೆ ಕೇಳಿಸುತ್ತದೆ. ಆದರೆ ಜನರ ದನಿ ಇದೆ. ಹಾಡುಗಾರನಿಗಿಂತ ಅರ್ಧ ಸಾಲು ಮುಂದೆಯೇ ಓಡುವ ಆ ದನಿಗಾಗಿ ನಾನು ಅದನ್ನು ಮತ್ತೆ ಮತ್ತೆ ಹಾಕುತ್ತೇನೆ.

ನಂತರದ ಕೆಲವು ವರ್ಷಗಳ ಬಗ್ಗೆ ನನಗೆ ಹೆಚ್ಚು ಹೇಳಬೇಕೆನಿಸುವುದಿಲ್ಲ. 1979ರ ಆಲ್ಬಮ್ ಚೆಂದ. ಮರುವರ್ಷ ಹೊಸ ಅಲೆಯ ತಂಡಗಳನ್ನು ಕಂಡು ಇವರೂ ಕೂದಲು ಕತ್ತರಿಸಿಕೊಂಡು ಸ್ಯಾಕ್ಸೊಫೋನ್ ಹಿಡಿದದ್ದು ಒಪ್ಪುವುದಿಲ್ಲ. ಬೆಲ್‌ಗ್ರೇಡ್, ಝಾಗ್ರೆಬ್, ಲ್ಯೂಬ್ಲಿಯಾನಾಗಳ ಇಪ್ಪತ್ತರ ಹುಡುಗರು ಅದನ್ನು ಇವರಿಗಿಂತ ಚೆನ್ನಾಗಿ ಮಾಡುತ್ತಿದ್ದರು.

1980ರ ಮೇ ತಿಂಗಳಲ್ಲಿ ದೇಶದ ಅಧ್ಯಕ್ಷ ಟಿಟೊ ತೀರಿಕೊಂಡರು. ಮರುವರ್ಷ, ಅಲ್ಬೇನಿಯನ್ನರೇ ಹೆಚ್ಚಿದ್ದ ಕೊಸೊವೊ ಪ್ರಾಂತದಲ್ಲಿ, ಅಲ್ಬೇನಿಯನ್ ವಿದ್ಯಾರ್ಥಿಗಳು ಬೀದಿಗಿಳಿದರು, ಸೈನ್ಯ ಇಳಿಯಿತು. 1983ರ ಆಲ್ಬಮ್ಮಿನಲ್ಲಿ ಬಿಯೆಲೊ ದುಗ್ಮೆ ಒಂದು ಹಾಡನ್ನು ಇಡಿಯಾಗಿ ಅಲ್ಬೇನಿಯನ್ ಭಾಷೆಯಲ್ಲಿ ಹಾಡಿತು. ಯುಗೊಸ್ಲಾವಿಯದಲ್ಲಿ ಆ ಭಾಷೆಯನ್ನಾಡುವವರು ಹತ್ತಾರು ಲಕ್ಷ ಜನ. ಆದರೆ ಉಳಿದ ಬಹುಪಾಲು ಜನರಿಗೆ ಅದರ ಒಂದು ವಾಕ್ಯವೂ ಬಾರದು, ಕಲಿಯಬೇಕೆಂದು ಯಾರಿಗೂ ತೋರಿರಲಿಲ್ಲ. ದೇಶದ ಅತಿ ಜನಪ್ರಿಯ ತಂಡ, ದೇಶ ಸಂಶಯದಿಂದ ನೋಡುತ್ತಿದ್ದ ಭಾಷೆಯಲ್ಲಿ ಬಾಯಿ ತೆರೆಯಿತು. ಅವರ ಎಲ್ಲ ಕೆಲಸದಲ್ಲಿ ನಾನು ಅತ್ಯಂತ ಧೀರವಾದದ್ದೆಂದು ಎಣಿಸುವುದು ಇದನ್ನೇ. ಅದರಲ್ಲಿ ಧ್ವಜವಿಲ್ಲ, ರಾಷ್ಟ್ರಗೀತೆಯಿಲ್ಲ. ಪಕ್ಕದ ಮನೆಯವನ ಮಾತನ್ನು ಅವನ ಮಾತಿನಲ್ಲೇ ಆಡಿ ನೋಡುವ ಪ್ರಯತ್ನ ಅಷ್ಟೇ.

ಬೆಬೆಕ್ ಇದ್ದದ್ದು ಆ ಆಲ್ಬಮ್ಮಿನವರೆಗೆ. 1984ರಲ್ಲಿ ಆತ ಹೊರನಡೆದ. ಹಾಡುಗಳು ಬ್ರೆಗೊವಿಚ್‌ವು, ತೀರ್ಮಾನಗಳು ಬ್ರೆಗೊವಿಚ್‌ವು. ಹಾಡು ಬರೆದವನಿಗೆ ಅದು ಮಾರಾಟವಾದಷ್ಟು ಕಾಲ ಗೌರವಧನ ಬರುತ್ತದೆ, ಗಂಟಲು ಹರಿದುಕೊಂಡು ಹಾಡಿದವನಿಗೆ ಬಾರದು. ಹತ್ತು ವರ್ಷ ಜನ ತಂಡವನ್ನು ಗುರುತಿಸಿದ್ದು ಯಾರ ದನಿಯಿಂದಲೋ ಆತ ತಂಡದ ಒಡೆಯನಾಗಿರಲಿಲ್ಲ. ಸಂಗೀತದ ತಂಡಗಳು ಎಲ್ಲ ದೇಶಗಳಲ್ಲೂ ಹೀಗೇ ಒಡೆಯುತ್ತವೆ. ಬೆಬೆಕ್ ಹೋದ ನಂತರದ ಬಿಯೆಲೊ ದುಗ್ಮೆಯಲ್ಲಿ ದೊಡ್ಡ ಹಾಡುಗಳಿವೆ, ಲಿಂಡನ್ ಹೂವಿನ ಹಾಡೂ ಅದರಲ್ಲೇ ಒಂದು. ಆದರೂ ಮೊದಲ ಐವರು ಸೇರಿದಾಗ ಇದ್ದ ಒರಟು ಸಂತೋಷ ನನಗೆ ಮತ್ತೆ ಕೇಳಿಸಿಲ್ಲ.

ಆಮೇಲೆ ಬಂದ ಹಾಡುಗಾರ ಮ್ಲಾಡೆನ್ ವೊಯಿಚಿಚ್, ಎಲ್ಲರ ಬಾಯಲ್ಲಿ ಟಿಫಾ. 1984ರ ಆಲ್ಬಮ್ಮಿನ ಮುಖಪುಟದಲ್ಲಿ ಉರೋಶ್ ಪ್ರೆದಿಚ್ ಬರೆದ ಚಿತ್ರ: ಸರ್ಬರು ತುರ್ಕರ ಎದುರು ಕಾದಿದ 1389ರ ಕೊಸೊವೊ ಕಾಳಗದ ಮರುದಿನ, ಗಾಯಗೊಂಡ ಯೋಧನಿಗೆ ನೀರುಣಿಸುವ ಹುಡುಗಿ. ಸರ್ಬರಿಗೆ ಅದು ಪೂಜೆಯ ಕೋಣೆಯಲ್ಲಿಟ್ಟಂಥ ಚಿತ್ರ. ಒಳಗೆ ಮೊದಲಿಗೇ ಕೇಳಿಸುವುದು ಯುಗೊಸ್ಲಾವಿಯದ ರಾಷ್ಟ್ರಗೀತೆ.

1986ಕ್ಕೆ ಟಿಫಾ ಹೋಗಿ ಅಲೆನ್ ಇಸ್ಲಾಮೊವಿಚ್ ಬಂದ. ಆ ವರ್ಷದ ಆಲ್ಬಮ್ಮಿನ ಹೆಸರು ‘ಉಗುಳಿ ಹಾಡು, ನನ್ನ ಯುಗೊಸ್ಲಾವಿಯವೇ’. ಬ್ರೆಗೊವಿಚ್‌ನ ಮನಸ್ಸಿನಲ್ಲಿದ್ದ ಯೋಜನೆ ಬೇರೆಯೇ. ಎಪ್ಪತ್ತರ ಆರಂಭದಿಂದ ನಿಷೇಧದಲ್ಲಿದ್ದ ಕ್ರೊಯೇಷಿಯದ ಗಾಯಕ ವಿಟ್ಸೆ ವುಕೊವ್, ಅಧಿಕಾರದಿಂದ ದೂರ ಸರಿದಿದ್ದ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಹೋರಾಡಿದ ಪಾರ್ಟಿಸಾನ್ ಗೆರಿಲ್ಲಾ ಪಡೆಯ ಹಳೆಯ ಸೇನಾನಿ ಮತ್ತು ಕವಿ ಕೊಚಾ ಪೊಪೊವಿಚ್, ಸರ್ಕಾರಕ್ಕೆ ಬೇಡವಾಗಿದ್ದ ಚಿತ್ರಕಾರ ಮಿಚಾ ಪೊಪೊವಿಚ್, ಈ ಮೂವರನ್ನೂ ಒಂದೇ ರೆಕಾರ್ಡಿನಲ್ಲಿ ಕೂಡಿಸಬೇಕೆಂದಿದ್ದ. ದೇಶ ಹೊರಗಟ್ಟಿದವರನ್ನೆಲ್ಲ ಕರೆದು ದೇಶದ ಹಾಡು ಹಾಡಿಸುವುದು! ಅದು ಆಗಲಿಲ್ಲ. ಕೊನೆಗೆ ಒಪ್ಪಿ ಬಂದವರು ಸ್ವೆಟೊಝಾರ್ ವುಕ್ಮಾನೊವಿಚ್ ಟೆಂಪೊ, ಪಾರ್ಟಿಸಾನ್ ಯುದ್ಧದ ಹಿರಿಯ ನಾಯಕ. ಸರಾಯೆವೊದ ಅನಾಥಾಲಯವೊಂದರ ಮಕ್ಕಳ ಜತೆ ಆ ಮುದುಕ ಹಳೆಯ ಹೋರಾಟದ ಹಾಡನ್ನು ಹಾಡಿದ್ದಾರೆ. ನಡುಗುವ ದನಿ, ಸ್ವಲ್ಪ ಅಪಶ್ರುತಿ. ಅನ್ಯಾಯವೇ ಬೀಳು ಎಂದು ಮಕ್ಕಳು ಹಾಡುತ್ತಾರೆ. ಶೀರ್ಷಿಕೆಯ ಹಾಡಿನಲ್ಲೊಂದು ಎಚ್ಚರಿಕೆಯಿದೆ: ಹಾಡಿಗೆ ಕಿವಿಗೊಡದವರು ಬಿರುಗಾಳಿಗೆ ಕಿವಿಗೊಡಬೇಕಾಗುತ್ತದೆ.

ಕೊನೆಯ ಆಲ್ಬಮ್ 1988ರದು. ಮುಖಪುಟಕ್ಕೆ ಅಮೆರಿಕದ ಎಡ್ವರ್ಡ್ ಹಿಕ್ಸ್ ಬರೆದ ನೋಹನ ನಾವೆಯ ಚಿತ್ರ, ಜೋಡಿಜೋಡಿಯಾಗಿ ಹಡಗು ಹತ್ತುತ್ತಿರುವ ಪ್ರಾಣಿಗಳು. ಒಳಗೆ ಒಂದು ಹಾಡಿನಲ್ಲಿ ಬ್ರೆಗೊವಿಚ್ ಕ್ರೊಯೇಷಿಯದ ನಾಡಗೀತೆಯನ್ನೂ, ಮೊದಲ ಮಹಾಯುದ್ಧದಲ್ಲಿ ಮನೆ ಬಿಟ್ಟು ದೂರ ಹೋದ ಸರ್ಬ್ ಸೈನಿಕರ ‘ಅಲ್ಲಿ ದೂರದಲ್ಲಿ’ ಎಂಬ ಹಾಡನ್ನೂ ಒಂದಕ್ಕೊಂದು ಸೇರಿಸಿ ಹೊಲಿದಿದ್ದಾನೆ. ಒಂದನ್ನು ಹಾಡಿದರೆ ಮತ್ತೊಬ್ಬರ ಮುಖ ಬಿಗಿಯುವ ಕಾಲ ಶುರುವಾಗಿತ್ತು. ಅದೇ ಆಲ್ಬಮ್ಮಿನಲ್ಲಿ ರೋಮಾ ಜನರ ಎದೆರ್ಲೆಝಿ ಹಾಡಿನ ಧಾಟಿಯೂ ಇದೆ, ಸೇಂಟ್ ಜಾರ್ಜ್ ಹಬ್ಬದ ಬೆಳಗಿನ ಹಾಡಾಗಿ. ರೋಮಾ ಜನರ ಪೂರ್ವಿಕರು ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡದಿಂದ ಹೋದವರು. ಈಗಲೂ ಅವರ ಮಾತಿನಲ್ಲಿ ನೀರಿಗೆ ಪಾನಿ, ಮೂಗಿಗೆ ನಾಕ್, ಕಿವಿಗೆ ಕಾನ್. ಸ್ಟುಟ್‌ಗಾರ್ಟ್ ಕಚೇರಿಯ ಆ ನನ್ನ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ಆ ಮೂರು ಪದಗಳನ್ನು ಕಾಗದದ ಮೇಲೆ ಬರೆಸಿಕೊಂಡರು.

ಈ ಕೊನೆಯ ಮೂರು ಆಲ್ಬಮ್ಮುಗಳನ್ನು ವ್ಯಾಪಾರವೆಂದು ತಳ್ಳಿಹಾಕುವವರಿದ್ದಾರೆ. ರಾಷ್ಟ್ರಗೀತೆ, ಚಿಹ್ನೆ, ಚಿತ್ರಗಳನ್ನೆಲ್ಲ ಬಾಚಿಕೊಂಡು ಮಾರಿದನೆಂದು. ಮಾರಿದ್ದು ನಿಜ, ಲಕ್ಷಗಟ್ಟಲೆ. ಆದರೆ ಅಂದು ಎಷ್ಟೋ ಜನ ಅವೇ ಚಿಹ್ನೆಗಳನ್ನು ಒಂದೊಂದಾಗಿ ಕಿತ್ತುಕೊಂಡು ಇದು ನಮ್ಮದು ಮಾತ್ರ ಅನ್ನುತ್ತಿದ್ದಾಗ, ಈತ ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟ. ಅದು ಸಾಕಾಗಲಿಲ್ಲ ಎನ್ನುವುದು ಆತನ ತಪ್ಪಲ್ಲ. ನನ್ನನ್ನು ಕಾಡುವುದು ಬೇರೆ. ಇಡೀ ದೇಶವನ್ನು ಒಂದು ರೆಕಾರ್ಡಿನಲ್ಲಿ ಹಿಡಿದಿಡಲು ಹೊರಟ ಅದೇ ವರ್ಷಗಳಲ್ಲಿ ಆತನಿಗೆ ಒಬ್ಬ ಹಾಡುಗಾರನನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ.

1989ರ ಮಾರ್ಚ್ 15. ಉತ್ತರ ಬೋಸ್ನಿಯಾದ ಡೆರ್ವೆಂಟಾ ಎಂಬ ಪುಟ್ಟ ಪಟ್ಟಣದಲ್ಲಿ ಬಿಯೆಲೊ ದುಗ್ಮೆ ನುಡಿಸಿತು. ಪ್ರವಾಸದ ನಡುವಿನ ಒಂದು ಸಾಮಾನ್ಯ ರಾತ್ರಿ. ಅದಾದ ಮೇಲೆ ಇಸ್ಲಾಮೊವಿಚ್ ಮೂತ್ರಪಿಂಡದ ನೋವಿನಿಂದ ಆಸ್ಪತ್ರೆ ಸೇರಿದ. ಮುಂದಿನ ಕಾರ್ಯಕ್ರಮಗಳು ರದ್ದಾದವು. ಆತ ತಂಡಕ್ಕೆ ಮರಳಲಿಲ್ಲ. ಬ್ರೆಗೊವಿಚ್ ಪ್ಯಾರಿಸ್ಸಿಗೆ ಹೋದ. ತಂಡ ಮುಗಿಯಿತೆಂದು ಯಾರೂ ಎಲ್ಲೂ ಹೇಳಲಿಲ್ಲ.

ದೇಶ ಒಡೆಯಿತು, ಅದಕ್ಕೇ ತಂಡ ಒಡೆಯಿತು ಎಂದು ಬರೆಯುವುದು ಸುಲಭ. ಎಷ್ಟೋ ಜನ ಹಾಗೆ ಬರೆದಿದ್ದಾರೆ. ನಾನು ದಿನಾಂಕಗಳನ್ನು ನೋಡುತ್ತೇನೆ. 1989ರ ಮಾರ್ಚಿನಲ್ಲಿ ದೇಶ ಇನ್ನೂ ಇತ್ತು. ಯುದ್ಧ ಶುರುವಾದದ್ದು ಎರಡು ವರ್ಷ ಮೂರು ತಿಂಗಳ ನಂತರ, ಸ್ಲೊವೇನಿಯಾದಲ್ಲಿ. ಅಷ್ಟರೊಳಗೆ ಹೊಸಬನೊಬ್ಬ ಬರಬಹುದಿತ್ತು, ಬೆಬೆಕ್ ಮರಳಬಹುದಿತ್ತು, ಜಗಳವಾಡಿದವರು ರಾಜಿಯಾಗಬಹುದಿತ್ತು. ದಣಿದವರು ಸ್ವಲ್ಪ ಸುಧಾರಿಸಿಕೊಳ್ಳಲೆಂದು ನಿಂತರು, ಅಷ್ಟೇ. ಮರಳಿ ಕೂಡೋಣವೆಂದು ತಿರುಗಿ ನೋಡುವ ಹೊತ್ತಿಗೆ ಕೂಡುವ ಜಾಗ ಇರಲಿಲ್ಲ. ವಿದಾಯದ ಕಾರ್ಯಕ್ರಮವಿಲ್ಲ, ಕೊನೆಯ ನಮಸ್ಕಾರವಿಲ್ಲ. ಡೆರ್ವೆಂಟಾದಲ್ಲಿ ಅಂದು ಹಾಡಿ ಮನೆಗೆ ಹೋದವರಿಗೆ ತಾವು ಕೇಳಿದ್ದು ಕೊನೆಯದೆಂದು ಗೊತ್ತಿರಲಿಲ್ಲ. 1992ರ ವಸಂತದಲ್ಲಿ ಆ ಪಟ್ಟಣದ ಬೀದಿಬೀದಿಯಲ್ಲೂ ಕದನವಾಯಿತು. ನನ್ನ ಸ್ನೇಹಿತರ ಊರು ಅಲ್ಲಿಗೆ ಹತ್ತಿರ. ಆ ತಿಂಗಳುಗಳ ಬಗ್ಗೆ ಅವರು ಮಾತಾಡುವುದಿಲ್ಲ, ನಾನೂ ಕೇಳಿಲ್ಲ.

1992ರ ಏಪ್ರಿಲ್‌ನಿಂದ 1996ರ ಫೆಬ್ರುವರಿವರೆಗೆ, 1,425 ದಿನ, ಸರಾಯೆವೊ ಮುತ್ತಿಗೆಯಲ್ಲಿತ್ತು. ಟಿಫಾ ಊರೊಳಗೇ ಉಳಿದ. ಬೆಬೆಕ್ ಝಾಗ್ರೆಬ್‌ನಲ್ಲಿದ್ದ. ಬ್ರೆಗೊವಿಚ್ ಸಿನಿಮಾಗಳಿಗೆ ಸಂಗೀತ ಮಾಡಿ ಲೋಕಕ್ಕೆಲ್ಲ ಪರಿಚಿತನಾದ. ಡ್ರಮ್ಮರ್ ಇಪೆ 1994ರ ಜನವರಿಯಲ್ಲಿ ಬೆಲ್‌ಗ್ರೇಡಿನ ಕಟ್ಟಡವೊಂದರ ಮೇಲಿನಿಂದ ಬಿದ್ದು ಸತ್ತ. ಮೊದಲ ಎಲ್‌ಪಿಯಲ್ಲಿ ಅವನಿಗಿನ್ನೂ ಇಪ್ಪತ್ತೂ ತುಂಬಿರಲಿಲ್ಲ. ಆ ಡ್ರಮ್ಸ್ ಕೇಳುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

2005ರ ಜೂನಿನಲ್ಲಿ ಉಳಿದವರು ಸೇರಿದರು, ಮೂವರು ಹಾಡುಗಾರರೂ ಒಂದೇ ವೇದಿಕೆಯ ಮೇಲೆ. ಸರಾಯೆವೊ, ಝಾಗ್ರೆಬ್, ಬೆಲ್‌ಗ್ರೇಡ್. ಮೂರು ಕಾರ್ಯಕ್ರಮ, ಈಗ ಮೂರು ದೇಶ. ಬೆಲ್‌ಗ್ರೇಡಿನ ಕುದುರೆ ರೇಸಿನ ಮೈದಾನದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ. ನನ್ನ ಸ್ನೇಹಿತರು ಸ್ಟುಟ್‌ಗಾರ್ಟ್‌ನಿಂದ ರಾತ್ರಿಯಿಡೀ ಕಾರು ಓಡಿಸಿ ಹೆಂಡತಿಯ ಜತೆ ಝಾಗ್ರೆಬ್‌ಗೆ ಹೋಗಿದ್ದರು. ಇದನ್ನು ಅವರು ನನಗೆ ಹೇಳಿದ್ದು ನಾನು ಜರ್ಮನಿ ಬಿಡುವ ಹಿಂದಿನ ವಾರ.

ಹೇಗಿತ್ತು ಎಂದೆ. ಹಾಡಿನ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ಮುಗಿದ ಮೇಲೆ ವಾಹನ ನಿಲ್ಲಿಸುವ ಬಯಲಿಗೆ ಬಂದರಂತೆ. ಸಾಲು ಸಾಲು ಬಸ್ಸು, ಕಾರು. ಹೆಂಡತಿಯ ಕೈ ಹಿಡಿದುಕೊಂಡು ನಂಬರ್ ಪ್ಲೇಟುಗಳನ್ನು ಓದುತ್ತಾ ನಡೆದರಂತೆ: ಲ್ಯೂಬ್ಲಿಯಾನಾ, ನೊವಿ ಸಾದ್, ಸ್ಪ್ಲಿಟ್, ಸ್ಕೊಪ್ಯೆ, ಆಮೇಲೆ ವಿಯೆನ್ನಾ, ಮ್ಯೂನಿಕ್, ಝೂರಿಕ್. ಚಾಲಕರು ಎಂಜಿನ್ ಶುರು ಮಾಡಿ ಕಾಯುತ್ತಿದ್ದರು. ಹಾಡಿ ದನಿ ಕಟ್ಟಿದ್ದ ಜನ ಬಸ್ಸುಗಳ ನಡುವೆ ಗುಂಪುಗುಂಪಾಗಿ ನಿಂತು ನಾಶ್ಕಿಯಲ್ಲಿ ಮಾತಾಡುತ್ತಿದ್ದರು. “ಒಂದು ಗಂಟೆ ಹೊತ್ತು,” ಅಂದರು ಅವರು, “ಯಾರೂ ಬಸ್ಸು ಹತ್ತಲಿಲ್ಲ.”